ಅಜ್ಜನ ಪೇಟಿಗೆ ಅರ ಹಚ್ಚುವ ಮುನ್ನ

ನಾಟಕ ಕಂಪನಿಗಳ ಕಾಲುಪೇಟಿಯ, ಅಂದರೆ ಕಾಲಿನಿಂದ ಒತ್ತುವ ಹಾರ್ಮೋನಿಯಂನ ಬಗ್ಗೆ ಈ ಅಂಕಣದಲ್ಲಿ ಹಿಂದೊಮ್ಮೆ ನಾಲ್ಕು ಸಾಲು ಬರೆದದ್ದೇ ನೆಪವಾಯಿತು. ಅಂದಿನಿಂದ ಕೇಳುವವರ ಪ್ರಶ್ನೆ ಒಂದೇ. "ಸರ್, ನಮ್ಮ ಅಜ್ಜಂದು ಒಂದು ಪೇಟಿ ಅಟ್ಟದ ಮ್ಯಾಲ ಐತ್ರಿ. ಪ್ಯಾರಿಸ್ ರೀಡ್ ಅಂತಾರ. ಎಷ್ಟ ಬರಬಹುದ್ರಿ?" ತಿಕೋಟಾದಿಂದ ಕೇಳುತ್ತಾರೆ, ಬಬಲೇಶ್ವರದಿಂದ ಕೇಳುತ್ತಾರೆ, ವಿಜಯಪುರದ ಜೋರಾಪುರ ಪೇಠದ ಓಣಿಯಲ್ಲಿ ತಡೆದು ನಿಲ್ಲಿಸಿ ಕೇಳುತ್ತಾರೆ. ಇತ್ತೀಚೆಗೆ ಅದಕ್ಕೊಂದು ಬಾಲವೂ ಸೇರಿದೆ: "ನಮ್ಮ ಹುಡುಗ ಬೆಂಗಳೂರಾಗ ಗಿಟಾರ್ ಬಾರಿಸ್ತಾನ್ರಿ. ಹಳೇ ವಾದ್ಯಕ್ಕ ಕೋಟಿಗಟ್ಟಲೆ ರೊಕ್ಕ ಕೊಡೋರು ಅದಾರ ಅಂತಾನ."

ಹುಡುಗ ಹೇಳುವುದು ಸುಳ್ಳಲ್ಲ. 2020ರ ಜೂನ್‌ನಲ್ಲಿ ಅಮೆರಿಕದ ಹರಾಜೊಂದರಲ್ಲಿ ರಾಕ್ ಗಾಯಕ ಕರ್ಟ್ ಕೋಬೇನ್ ಬಾರಿಸಿದ 1959ರ ಮಾರ್ಟಿನ್ ಗಿಟಾರು 60 ಲಕ್ಷ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 45 ಕೋಟಿ ರೂಪಾಯಿ. ಆದರೆ ಆ ಬೆಲೆಯಲ್ಲಿ ಮುಕ್ಕಾಲು ಪಾಲು ಕೋಬೇನನ ಕೈಗೆ, ಅವನು ಅದನ್ನು ಹಿಡಿದು ಹಾಡಿದ ಒಂದು ಸಂಜೆಗೆ. ನಿಮ್ಮ ಅಜ್ಜ ಸೋಮವಾರದ ಭಜನೆಗೆ ಬಾರಿಸಿದ ಪೇಟಿಗೆ ಆ ಲೆಕ್ಕ ಹೊಂದುವುದಿಲ್ಲ. ಹಾಗಿದ್ದರೂ ಹಳೇ ಗಿಟಾರು ಕೂಡಿಡುವವರಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ಅದು ದುಡ್ಡಿನ ಪಾಠವಲ್ಲ, ಕೈ ಕಟ್ಟಿಕೊಂಡು ಕೂಡುವ ಪಾಠ. ಅದಕ್ಕೆ ಆಮೇಲೆ ಬರುತ್ತೇನೆ.

ವಾದ್ಯದ ಹುಚ್ಚು ನಮ್ಮ ಸೀಮೆಗೆ ಹೊಸದೇನೂ ಅಲ್ಲ. ವಿಜಯಪುರದಿಂದ ತಿಕೋಟಾ ರಸ್ತೆ ಹಿಡಿದರೆ ಊರು ಮುಗಿಯುವಷ್ಟರಲ್ಲಿ ತೊರವಿ. ಅಲ್ಲೇ ಎರಡನೇ ಇಬ್ರಾಹಿಂ ಆದಿಲಶಾಹ 1599ರಲ್ಲಿ ಕಟ್ಟಿಸಲು ಹಿಡಿದ ನವರಸಪುರದ ಅವಶೇಷಗಳು. 1624ರಲ್ಲಿ ಅಹಮದನಗರದ ಮಲಿಕ್ ಅಂಬರನ ದಂಡು ಅದನ್ನು ಹಾಳುಗೆಡವಿತು. ಸಂಗೀತ ಮಹಲಿನ ಗೋಡೆ, ಕಮಾನು ಇವತ್ತಿಗೂ ನಿಂತಿವೆ. ಇಬ್ರಾಹಿಂ ಬಾದಶಹ ತನ್ನ ತಂಬೂರಿಗೆ ಹೆಸರಿಟ್ಟಿದ್ದ: ಮೋತಿಖಾನ. ಅವನೇ ರಚಿಸಿದ 'ಕಿತಾಬ್-ಎ-ನವರಸ್'ನ ಪದಗಳಲ್ಲಿ ಅವನ ಪ್ರೀತಿಯ ಆನೆ ಆತಿಶಖಾನನ ಜೊತೆಗೆ ಈ ಮೋತಿಖಾನನೂ ಬರುತ್ತಾನೆ. ಇಬ್ರಾಹಿಂ ತಂಬೂರು ಬಾರಿಸುತ್ತಿರುವ, ಫರುಖ್ ಬೇಗ ಬರೆದ ಚಿತ್ರವೊಂದು ಈಗ ಯುರೋಪಿನ ಪ್ರಾಗ್ ನಗರದ ನಾಪ್ರಸ್ಟೆಕ್ ವಸ್ತುಸಂಗ್ರಹಾಲಯದಲ್ಲಿದೆ. ಸಾಮ್ರಾಜ್ಯ ಆಳುವವನು ವಾದ್ಯ ಹಿಡಿದು ಕೂತು ಚಿತ್ರ ಬರೆಸಿಕೊಳ್ಳುವುದೆಂದರೆ ಸಣ್ಣ ಮಾತಲ್ಲ. ಅಮೆರಿಕದ ಬ್ಲೂಸ್ ಗಾಯಕ ಬಿ. ಬಿ. ಕಿಂಗ್ ತನ್ನ ಗಿಟಾರಿಗೆ ಲೂಸಿಲ್ ಎಂದು ಹೆಸರಿಟ್ಟದ್ದನ್ನು ಗಿಟಾರಿನವರು ಕಥೆ ಮಾಡಿ ಹೇಳುತ್ತಾರೆ. 1949ರಲ್ಲಿ ಜಗಳವೊಂದರಿಂದ ಬೆಂಕಿ ಬಿದ್ದ ಕುಣಿತದ ಮನೆಯೊಳಗೆ ಮತ್ತೆ ನುಗ್ಗಿ ಗಿಟಾರು ಉಳಿಸಿಕೊಂಡವನು ಅವನು. ಆ ಜಗಳ, ಆ ಬೆಂಕಿ ಒಬ್ಬ ಹೆಣ್ಣುಮಗಳ ಸಲುವಾಗಿ ಎಂದು ತಿಳಿದು ಅವಳ ಹೆಸರನ್ನೇ ಗಿಟಾರಿಗೆ ಇಟ್ಟ. ನಮ್ಮ ಬಾದಶಹ ಆ ಕೆಲಸವನ್ನು ಮುನ್ನೂರೈವತ್ತು ವರ್ಷ ಮೊದಲೇ ಮಾಡಿ ಮುಗಿಸಿದ್ದ. ಬೆಂಕಿಗೆ ನುಗ್ಗುವ ಪ್ರಸಂಗ ಬರಲಿಲ್ಲ, ಅಷ್ಟೇ.

ಪೇಟಿ ಮಾತ್ರ ಬಾದಶಹರ ಕಾಲದ್ದಲ್ಲ. ಪ್ಯಾರಿಸ್ಸಿನ ಅಲೆಕ್ಸಾಂದ್ರ್ ದೆಬೇನ್ ಹಾರ್ಮೋನಿಯಂ ಎಂಬ ಹೆಸರಿನಲ್ಲಿ ಪೇಟೆಂಟ್ ಪಡೆದದ್ದು 1842ರಲ್ಲಿ. ಅದು ಕಾಲಿನಿಂದ ಗಾಳಿ ಒತ್ತುವ, ಕುರ್ಚಿ ಹಾಕಿಕೊಂಡು ಬಾರಿಸುವ ದೊಡ್ಡ ಪೆಟ್ಟಿಗೆ. ಕಲ್ಕತ್ತೆಯ ದ್ವಾರಕಾನಾಥ ಘೋಷರ ದ್ವಾರ್ಕಿನ್ ಕಂಪನಿ ಹತ್ತೊಂಬತ್ತನೇ ಶತಮಾನದ ಕೊನೆಯ ಭಾಗದಲ್ಲಿ ಅದನ್ನು ನೆಲಕ್ಕಿಳಿಸಿತು. ಎಡಗೈಯಲ್ಲಿ ತಿದಿ ಒತ್ತಿ ಬಲಗೈಯಲ್ಲಿ ಬಾರಿಸುವ, ಚಕ್ಕಳಮಕ್ಕಳ ಹಾಕಿ ಕೂತವನ ಮುಂದೆ ಇಡಬಹುದಾದ ವಾದ್ಯವಾಯಿತು. ಪೆಟ್ಟಿಗೆ ಇಲ್ಲಿಯದಾದರೂ ಒಳಗಿನ ರೀಡು ಬಹುಕಾಲ ಪ್ಯಾರಿಸ್ಸಿನಿಂದ, ಜರ್ಮನಿಯಿಂದಲೇ ಬರುತ್ತಿತ್ತು. ಯುದ್ಧ ಬಂತು, ಸ್ವಾತಂತ್ರ್ಯದ ಬೆನ್ನಿಗೆ ಆಮದಿನ ಮೇಲೆ ಬಿಗಿ ಬಂತು, ಗುಜರಾತಿನ ಪಾಲಿತಾಣಾದ ರೀಡು ಮಾರುಕಟ್ಟೆ ಹಿಡಿಯಿತು. "ಪ್ಯಾರಿಸ್ ರೀಡ್ ಐತ್ರಿ" ಎಂದು ದನಿ ತಗ್ಗಿಸಿ ಹೇಳುವುದರ ಹಿಂದೆ ಇರುವುದು ಇಷ್ಟು ಇತಿಹಾಸ.

ನಮ್ಮ ಕಡೆ ಅದು ಬಂದ ಹಾದಿ ನಾಟಕದ ಹಾದಿ. ಮರಾಠಿ ಸಂಗೀತ ನಾಟಕಕ್ಕೆ ಅಡಿಪಾಯ ಹಾಕಿದ ಅಣ್ಣಾಸಾಹೇಬ ಕಿರ್ಲೋಸ್ಕರರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನವರು. ಮರಾಠಿ ಗಾಯಕ ನಟ ಬಾಲಗಂಧರ್ವರ ಜೊತೆ ರಂಗದ ಮೇಲೆ ಹಾಡಿದ ಗೋಹರಬಾಯಿ ಬೀಳಗಿಯವರು. ಆಗ ಬೀಳಗಿ ವಿಜಯಪುರ ಜಿಲ್ಲೆಯೇ. ಗಡಿ ಎಂಬುದು ನಕ್ಷೆಯಲ್ಲಿತ್ತು, ಕಂಪನಿಗಳ ಚಕ್ಕಡಿಗೆ ಅದು ಗೊತ್ತಿರಲಿಲ್ಲ. ಮಿರಜಿನಿಂದ ಕಾಗವಾಡ, ಅಥಣಿ, ತಿಕೋಟಾ ದಾಟಿ ವಿಜಯಪುರಕ್ಕೆ ಬರುವ ಇದೇ ರಸ್ತೆಯಲ್ಲಿ ತಂಬೂರಿ, ಪೇಟಿ, ಹಾಡುವವರು ಎಲ್ಲರೂ ಓಡಾಡಿದರು. ಹಾರ್ಮೋನಿಯಂನ ದೊಡ್ಡ ಹೆಸರು ರಾಮಭಾವು ಬಿಜಾಪುರೆ 1917ರಲ್ಲಿ ಹುಟ್ಟಿದ್ದು ಈ ರಸ್ತೆಯ ಮೇಲಿನ ಕಾಗವಾಡದಲ್ಲಿ. ಅಡ್ಡಹೆಸರು ನಮ್ಮೂರಿನದು, ಊರು ಕಾಗವಾಡ, ಬಾಳಿದ್ದು ಬೆಳಗಾವಿಯಲ್ಲಿ, 2010ರವರೆಗೆ. ಪೇಟಿ ಎಂದರೆ ಹಾಡುವವರ ಹಿಂದೆ ಓಡುವ ವಾದ್ಯ ಎಂದು ತಿಳಿದವರು ಅವರ ಒಂದು ಧ್ವನಿಮುದ್ರಣ ಕೇಳಿ ನೋಡಬೇಕು.

ಪೇಟಿಯ ಶ್ರುತಿಯ ಬಗ್ಗೆ ಜಗಳವೂ ಈ ಸೀಮೆಯಲ್ಲೇ ಜೋರಾಗಿ ನಡೆದದ್ದು. ಸಾಂಗ್ಲಿಯ ನಿವೃತ್ತ ಡೆಪ್ಯುಟಿ ಕಲೆಕ್ಟರ್ ಕೃಷ್ಣಾಜಿ ಬಲ್ಲಾಳ ದೇವಲ್, ಬ್ರಿಟಿಷ್ ನ್ಯಾಯಾಧೀಶ ಕ್ಲೆಮೆಂಟ್ಸ್ ಇಬ್ಬರೂ ಸೇರಿ 1910ರ ಸುಮಾರಿಗೆ ಇಪ್ಪತ್ತೆರಡು ಶ್ರುತಿಗಳ ಲೆಕ್ಕ ಹಾಕಿ ಲಂಡನ್ನಿನಲ್ಲಿ ವಿಶೇಷ ಪೇಟಿ ಮಾಡಿಸಿದರು. ಮಾಮೂಲು ಪೇಟಿಯಲ್ಲಿ ಹನ್ನೆರಡು ಸ್ವರಗಳನ್ನು ಸಮನಾಗಿ ಹಂಚಿರುತ್ತಾರೆ. ಆದ್ದರಿಂದ ತಂಬೂರಿಯ ತಂತಿಯಲ್ಲಿ ತಾನಾಗಿ ಕೇಳುವ ಗಾಂಧಾರಕ್ಕಿಂತ ಪೇಟಿಯ ಗಾಂಧಾರ ಒಂಚೂರು ಮೇಲೆ. ಅವರ ತಕರಾರು ಅದೇ. 1940ರ ಮಾರ್ಚ್ 1ರಿಂದ ಆಕಾಶವಾಣಿ ಪೇಟಿಯನ್ನು ಹೊರಗಿಟ್ಟದ್ದಕ್ಕೂ ಇದು ಒಂದು ಕಾರಣ. ಆ ಬಾಗಿಲು ಅರೆ ತೆರೆದದ್ದು 1971ರಲ್ಲಿ. 1950ರಲ್ಲಿ ಧಾರವಾಡ ಆಕಾಶವಾಣಿ ಶುರುವಾದಾಗ ಊರ ಗುಡಿಯಲ್ಲಿ, ಕಂಪನಿಯ ತಂಬುವಿನಲ್ಲಿ ಮೆರೆಯುತ್ತಿದ್ದ ಪೇಟಿಗೆ ಅಲ್ಲಿ ಪ್ರವೇಶವಿರಲಿಲ್ಲ. ಶ್ರುತಿ ಪಂಡಿತರ ಪಕ್ಷ ಸರಿಯೋ ತಪ್ಪೋ, ನನಗೆ ಆ ನಿಷೇಧ ಅತಿಯೆನಿಸುತ್ತದೆ. ಆದರೆ ಅವರು ಕೈ ಇಟ್ಟ ಜಾಗ ಸರಿಯಾದದ್ದು. ಪೇಟಿಯ ಜೀವ ಇರುವುದು ಕೆತ್ತನೆಯಲ್ಲಲ್ಲ, ಹಿತ್ತಾಳೆ ಗುಂಡಿಗಳಲ್ಲಲ್ಲ, ಶ್ರುತಿಯಲ್ಲಿ.

ಶ್ರುತಿ ಎಲ್ಲಿದೆ ಎಂದು ನೋಡಬೇಕಾದರೆ ಪೇಟಿ ಬಿಚ್ಚಬೇಕು. ಬೆರಳಿಟ್ಟು ಒತ್ತುವ ಮನೆಗಳ ಕೆಳಗೆ ಹಲಗೆಯ ಮೇಲೆ ಸಾಲಾಗಿ ಹಿತ್ತಾಳೆಯ ಪಟ್ಟಿಗಳು. ಪ್ರತಿ ಪಟ್ಟಿಯಲ್ಲಿ ಒಂದು ಉದ್ದ ಸೀಳು, ಆ ಸೀಳಿನ ಮೇಲೆ ಒಂದು ತುದಿಗೆ ರಿವೆಟ್ ಹೊಡೆದು ಕೂಡಿಸಿದ ತೆಳು ನಾಲಿಗೆ. ಇದೇ ರೀಡು. ಗಾಳಿ ನುಗ್ಗಿದಾಗ ನಾಲಿಗೆ ಸೀಳಿನೊಳಗೆ ಮೇಲೆ ಕೆಳಗೆ ಆಡುತ್ತದೆ, ನಾದ ಹುಟ್ಟುತ್ತದೆ. ಸ್ವರದ ಎತ್ತರ ನಿರ್ಧಾರವಾಗುವುದು ನಾಲಿಗೆಯ ಉದ್ದ ಮತ್ತು ದಪ್ಪದಿಂದ. ಡಬಲ್ ಲೈನ್ ಪೇಟಿಯಲ್ಲಿ ಪ್ರತಿ ಮನೆಗೆ ಎರಡು ರೀಡು, ಮೂರು ಲೈನಿನದರಲ್ಲಿ ಮೂರು: ತಗ್ಗಿನ ಖರ್ಜ, ನಡುವಿನ ನರ, ಮೇಲಿನ ಮಾದಿ. ಹಳೇ ಪ್ಯಾರಿಸ್, ಜರ್ಮನ್ ರೀಡುಗಳ ಹೆಚ್ಚುಗಾರಿಕೆ ಏನೆಂದರೆ ನಾಲಿಗೆಗೂ ಸೀಳಿಗೂ ನಡುವಿನ ಸಂದು ಬಹಳ ಕಡಿಮೆ. ಅದಕ್ಕೇ ಸಣ್ಣ ಗಾಳಿಗೂ ತಟ್ಟನೆ ಉಲಿಯುತ್ತದೆ. ತಿದಿಯನ್ನು ಹಗುರಾಗಿ ಒತ್ತಿ ಒಂದು ಮನೆ ಮುಟ್ಟಿ ನೋಡಿ. ದನಿ ಮೆಲ್ಲಗೆ ಎದ್ದು ಬಂದರೆ ರೀಡು ಒಳ್ಳೆಯದು. ಮೊದಲು ಬರೀ ಗಾಳಿ ಸುಯ್ ಎಂದು, ಆಮೇಲೆ ಒಮ್ಮೆಲೇ ದನಿ ಒದರಿದರೆ ಸಾಧಾರಣದ್ದು.

ಈಗ ಅಸಲು ವಿಷಯ. ರೀಡಿನ ಶ್ರುತಿ ತಪ್ಪಿದರೆ ಸರಿಮಾಡುವುದು ಅರದಿಂದ. ಸ್ವರ ಏರಿಸಬೇಕೆಂದರೆ ನಾಲಿಗೆಯ ತುದಿಯನ್ನು ಉಜ್ಜಿ ಹಗುರ ಮಾಡುತ್ತಾರೆ. ಇಳಿಸಬೇಕೆಂದರೆ ರಿವೆಟ್ಟಿನ ಹತ್ತಿರ ಬುಡವನ್ನು ಉಜ್ಜಿ ಸಡಿಲ ಮಾಡುತ್ತಾರೆ. ಏರಿಸಿದರೂ ಇಳಿಸಿದರೂ ಹಿತ್ತಾಳೆ ಹೋಗುವುದೇ ಹೊರತು ಬರುವುದಿಲ್ಲ. ಕುಡುಗೋಲು ಮಸೆದು ಮಸೆದು ಸವೆದಂತೆ, ಪ್ರತಿ ಟ್ಯೂನಿಂಗ್‌ಗೂ ರೀಡು ತೆಳುವಾಗುತ್ತದೆ. ಬುಡ ಸವೆದ ನಾಲಿಗೆ ಒಂದು ದಿನ ಬಾರಿಸುವಾಗಲೇ ಟಣ್ಣೆಂದು ಮುರಿಯುತ್ತದೆ. ಜನ ಇದನ್ನು ತಿರುವಿ ತಿಳಿದಿದ್ದಾರೆ. ಬಾರಿಸಿದರೆ ಪೇಟಿ ಸವೆದೀತು ಎಂದು ಅಟ್ಟದ ಮೇಲೆ ಇಡುತ್ತಾರೆ, ವರ್ಷಕ್ಕೊಮ್ಮೆ ಇಳಿಸಿ "ಸರ್ವಿಸ್" ಮಾಡಿಸುತ್ತಾರೆ. ಹಗುರ ಕೈಯವರು ಬಾರಿಸಿದರೆ ಒಳ್ಳೆಯ ರೀಡಿಗೆ ಆಗುವ ನಷ್ಟ ಕಡಿಮೆ. ಅದನ್ನು ತಿನ್ನುವುದು ರಿಪೇರಿ. ಹಳೇ ಪೇಟಿ ಕೊಳ್ಳುವಾಗ ನಾನು ಮೊದಲು ನೋಡುವುದು ಹೆಸರಿನ ಬಿಲ್ಲೆಯನ್ನಲ್ಲ, ರೀಡಿನ ಮೇಲಿನ ಗೆರೆಗಳನ್ನು. ನಾಲಿಗೆಯ ಮೇಲೆ ಅರದ ಗೆರೆ ಕಡಿಮೆ ಇದ್ದಷ್ಟೂ ಒಳಗೆ ಇನ್ನೂ ಹಿತ್ತಾಳೆ ಇದೆ ಎಂದರ್ಥ. ಹಳೇ ಪೇಟಿಯ ನಿಜವಾದ ಬೆಲೆ ಆ ಉಳಿದ ಹಿತ್ತಾಳೆಯದು.

ಹಳೇ ಗಿಟಾರಿನವರ ಪಾಠ ಎಂದೆನಲ್ಲ, ಅದು ಇದೇ. 1958ರಿಂದ 1960ರವರೆಗಿನ ಗಿಬ್ಸನ್ ಲೆಸ್ ಪಾಲ್ ಸನ್‌ಬರ್ಸ್ಟ್ ಗಿಟಾರುಗಳಿಗೆ ಅವರು ಪ್ರಾಣ ಬಿಡುತ್ತಾರೆ. ಅಂಥ ಗಿಟಾರಿಗೆ ಯಾರಾದರೂ ಅಕ್ಕರೆಯಿಂದ ಹೊಸ ಬಣ್ಣ ಬಳಿಸಿದ್ದರೆ ಬೆಲೆ ಅರ್ಧಕ್ಕೆ ಬೀಳುತ್ತದೆ. ಕೆರೆದ ಕಲೆ, ಬೆವರಿನ ಗುರುತು, ಸಿಪ್ಪೆ ಎದ್ದ ಬಣ್ಣ ಇದ್ದರೇ ಕಿಮ್ಮತ್ತು. ನಮ್ಮಲ್ಲಿ ಪೇಟಿ ಅಟ್ಟದಿಂದ ಇಳಿದ ಮರುದಿನವೇ ಬಡಿಗನ ಕೈ ಸೇರುತ್ತದೆ. ಬರ್ಮಾ ತೇಗದ ಮೇಲಿನ ಅರಗಿನ ಪಾಲಿಶ್ ಕೆರೆದು ಮಿರಿಮಿರಿ ಮಿಂಚುವ ಬಣ್ಣ ಬಳಿಯುತ್ತಾರೆ. ಮದುಮಗನ ಹಾಗೆ ಹೊರಟು ನಿಂತ ಪೇಟಿಯನ್ನು ತೋರಿಸಿ "ಈಗ ಎಷ್ಟ ಬರತೈತ್ರಿ?" ಎಂದು ಕೇಳುತ್ತಾರೆ. ಮೊದಲಿಗಿಂತ ಕಡಿಮೆ ಎಂದರೆ ಸಿಟ್ಟು.

ಅರ ಹಚ್ಚುವ ಚಪಲಕ್ಕೆ ಈಗ ಹೊಸ ಕಾರಣವೊಂದು ಸಿಕ್ಕಿದೆ. ಬಬಲೇಶ್ವರ ಕಡೆಯ ಒಂದು ಭಜನಾ ಮಂಡಳಿಯವರು ಕೇಳಿದ ಪ್ರಶ್ನೆ ಇದು: "ನಮ್ಮ ಪೇಟಿ, ಹುಡುಗರ ಕೀಬೋರ್ಡ್ ಎರಡೂ ಕೂಡವಲ್ಲವು. ಪೇಟಿ ಕೆಟ್ಟೈತೇನ್ರಿ?" ಕೆಟ್ಟಿಲ್ಲ. ಫ್ರಾನ್ಸ್ 1859ರಲ್ಲಿ ಕಾನೂನು ಮಾಡಿ ಮಧ್ಯದ ಎ ಸ್ವರವನ್ನು, ಅಂದರೆ ನಮ್ಮ ಬಿಳಿ ಆರನ್ನು, ಸೆಕೆಂಡಿಗೆ 435 ಕಂಪನ ಎಂದು ಗೊತ್ತುಮಾಡಿತು. ಈಗ ಜಗತ್ತೆಲ್ಲ ಬಳಸುವ 440 ಗೊತ್ತಾದದ್ದು 1939ರ ಲಂಡನ್ ಸಭೆಯಲ್ಲಿ. ಮೂಲ ಶ್ರುತಿ ಉಳಿಸಿಕೊಂಡ ಹಳೇ ಫ್ರೆಂಚ್ ರೀಡು 435ರ ಆಸುಪಾಸಿನಲ್ಲಿದ್ದರೆ ಆಶ್ಚರ್ಯವಿಲ್ಲ. ಕೀಬೋರ್ಡು 440ರಲ್ಲಿ. ಎರಡನ್ನೂ ಕೂಡಿಸಿ ಹಿಡಿದರೆ ಸೆಕೆಂಡಿಗೆ ಐದು ಸಲ ವ್ಯಾಂ ವ್ಯಾಂ ಎಂದು ಅಲೆ ಏಳುತ್ತದೆ. ವ್ಯತ್ಯಾಸ ಒಂದು ಮನೆಯ ಐದನೇ ಒಂದು ಭಾಗದಷ್ಟೇ. ಅದಕ್ಕಾಗಿ ಪೇಟಿಯ ಎಲ್ಲಾ ರೀಡುಗಳ ತುದಿ ಉಜ್ಜಿಸುವುದೆಂದರೆ ನೂರು ವರ್ಷದ ಹಿತ್ತಾಳೆಯನ್ನು ಒಂದು ಮಧ್ಯಾಹ್ನದಲ್ಲಿ ಧೂಳು ಮಾಡಿದಂತೆ. ಬಹುಪಾಲು ಕೀಬೋರ್ಡುಗಳಲ್ಲಿ ಟ್ಯೂನಿಂಗ್ ಇಳಿಸುವ ಸೌಕರ್ಯ ಇರುತ್ತದೆ, ಮೆನುವಿನೊಳಗೆ ಹೋಗಿ 435 ಎಂದು ಒತ್ತಿದರೆ ಮುಗಿಯಿತು. ಆ ಮಂಡಳಿಯ ಹುಡುಗರಿಗೆ ಇದು ಗೊತ್ತಿರಲಿಲ್ಲ. ಯಂತ್ರ ಮುದುಕನಿಗೆ ಹೊಂದಿಕೊಳ್ಳಲಿ ಬಿಡಿ, ಮುದುಕ ಯಾಕೆ ಬಗ್ಗಬೇಕು?

ಹಾಗಂತ ಏನನ್ನೂ ಮುಟ್ಟಬಾರದು ಎಂದಲ್ಲ. ಪೇಟಿಯಲ್ಲಿ ಮುಟ್ಟಬಹುದಾದ್ದು ಬೇಕಾದಷ್ಟಿದೆ. ಮನೆಯ ಕೆಳಗೆ ರಂಧ್ರ ಮುಚ್ಚುವ ಕಟ್ಟಿಗೆಗೆ ಅಂಟಿಸಿದ ಚರ್ಮ ನಮ್ಮ ಬಿಸಿಲಿಗೆ ಗಟ್ಟಿಯಾಗಿ ಗಾಳಿ ಸೋರುತ್ತದೆ. ಅದನ್ನು ಬದಲಿಸಲೇಬೇಕು. ತಿದಿಯ ಬಟ್ಟೆ, ರಟ್ಟು, ಸ್ಪ್ರಿಂಗು ಬದಲಿಸಿ. ದನಿ ಮಂಕಾದ ರೀಡು ಎಷ್ಟೋ ಸಲ ಶ್ರುತಿ ತಪ್ಪಿರುವುದೇ ಇಲ್ಲ, ಸೀಳಿನಲ್ಲಿ ಒಂದು ಕೂದಲೋ ಹುಳದ ರೆಕ್ಕೆಯೋ ಸಿಕ್ಕಿರುತ್ತದೆ. ಮೆತ್ತನೆಯ ಬ್ರಷ್ ಆಡಿಸಿದರೆ ಸಾಕು. ಸೋರಿಕೆ ನೋಡುವ ಕ್ರಮವೂ ಸರಳ: ತಿದಿ ಪೂರ್ತಿ ತುಂಬಿಸಿ, ಯಾವ ಮನೆಯನ್ನೂ ಒತ್ತದೆ ಕೈ ಬಿಟ್ಟು ನೋಡಿ. ಒಳಗಿನ ಗಾಳಿ ನಿಧಾನ ಇಳಿಯಬೇಕು. ಭಸ್ಸೆಂದು ಕುಸಿದರೆ ಪೇಟಿ ಸೋರುತ್ತಿದೆ. ಯಾರೂ ಮುಟ್ಟದೆ ಒಂದು ಸ್ವರ ತಾನಾಗಿ ಗುಂಯ್ ಎನ್ನುತ್ತಿದ್ದರೆ ಆ ಮನೆಯ ಚರ್ಮವೋ ಸ್ಪ್ರಿಂಗೋ ಹೋಗಿದೆ.

ಮೋಸವೂ ಇದೆ. ಹಳೇ ಪೆಟ್ಟಿಗೆಯಲ್ಲಿ ಹೊಸ ರೀಡು ಕೂಡಿಸಿ ಮಾರುತ್ತಾರೆ, ಹೊಸ ಪೆಟ್ಟಿಗೆಗೆ ಹಳೇ ಬಿಲ್ಲೆ ಹೊಡೆದು ಮಾರುತ್ತಾರೆ. ಪ್ಯಾರಿಸ್ ಎಂದು ಇಂಗ್ಲಿಷಿನಲ್ಲಿ ಅಚ್ಚೊತ್ತಿಸಲು ಪ್ಯಾರಿಸ್ಸಿಗೇನೂ ಹೋಗಬೇಕಿಲ್ಲ. ಸಾಲಿನ ಎಲ್ಲ ರೀಡುಗಳ ರಿವೆಟ್ಟು, ಬಣ್ಣ, ಅಚ್ಚಿನ ಅಕ್ಷರ ಒಂದೇ ತೆರನಾಗಿವೆಯೇ ನೋಡಿ. ನಡುವೆ ನಾಲ್ಕು ಹಳದಿಯಾಗಿ ಹೊಳೆಯುತ್ತಿದ್ದರೆ ಅವು ಬಹುಶಃ ಪಾಲಿತಾಣಾದವು. ಅದರಲ್ಲಿ ಅಪಮಾನವೇನಿಲ್ಲ, ಆದರೆ ಬೆಲೆ ಆ ಲೆಕ್ಕದಲ್ಲೇ ಇರಬೇಕು. ಇನ್ನೊಂದು ಎಚ್ಚರ ಬಿಳಿ ಮನೆಗಳದು. ತೀರ ಹಳೆಯ ಕೆಲವು ಪೇಟಿಗಳಲ್ಲಿ ಮನೆಗಳ ಮೇಲೆ ಆನೆದಂತದ ತೆಳು ಹೊದಿಕೆ ಇರುತ್ತದೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಮತ್ತು ಆಮೇಲಿನ ತಿದ್ದುಪಡಿಗಳಿಂದಾಗಿ ಆನೆದಂತದ ವ್ಯಾಪಾರ ನಮ್ಮಲ್ಲಿ ಪೂರ್ತಿ ನಿಷಿದ್ಧ. ಫೋಟೋ ಹಾಕಿ "ಅಸಲಿ ಐವರಿ" ಎಂದು ಜಾಹೀರಾತು ಕೊಟ್ಟರೆ ಮೊದಲು ಬರುವ ಗಿರಾಕಿ ಅರಣ್ಯ ಇಲಾಖೆಯವರಾಗಿರಬಹುದು. ಗಿಟಾರಿನವರಿಗೂ ಇದೇ ಸಂಕಟ. ಬ್ರೆಜಿಲ್‌ನ ಬೀಟೆಮರ ಸಿಗುವುದು ಕಷ್ಟವಾದಾಗ ಮಾರ್ಟಿನ್ ಕಂಪನಿ 1969ರಿಂದ ಭಾರತದ ಬೀಟೆಗೆ ಹೊರಳಿತು. ನಮ್ಮ ಪಶ್ಚಿಮ ಘಟ್ಟದಲ್ಲಿ ಬೆಳೆಯುವ ಮರವೇ ಅದು. 2017ರಲ್ಲಿ ಬೀಟೆಯ ಎಲ್ಲ ಜಾತಿಗಳ ಮೇಲೂ ಅಂತರರಾಷ್ಟ್ರೀಯ ನಿರ್ಬಂಧ ಬಂದಾಗ ಗಿಟಾರು ಹಿಡಿದು ದೇಶ ದಾಟುವವರು ಕಾಗದ ಹಿಡಿದು ಪರದಾಡಿದರು. ತಯಾರಾದ ವಾದ್ಯಗಳಿಗೆ 2019ರಲ್ಲಿ ವಿನಾಯಿತಿ ಸಿಕ್ಕಿತು, ಬ್ರೆಜಿಲ್‌ನ ಬೀಟೆಯೊಂದನ್ನು ಬಿಟ್ಟು.

ಪೇಟಿಯ ಮಾತು ಆಡಿ ಮೈಕ್ ಸೆಟ್ಟಿನ ಮಾತು ಬಿಟ್ಟರೆ ಅರ್ಧ ಕಥೆ. ಗಿಟಾರಿನವರಿಗೆ ಎಂಪ್ಲಿಫೈಯರ್ ಎಂದರೆ ಅರ್ಧ ವಾದ್ಯ. ಕ್ಯಾಲಿಫೋರ್ನಿಯಾದಲ್ಲಿ ಡಂಬಲ್ ಎಂಬುವನು ಒಬ್ಬೊಬ್ಬ ವಾದಕನ ಕೈ ನೋಡಿ ಒಂದೊಂದು ಎಂಪ್ಲಿಫೈಯರ್ ಮಾಡಿಕೊಡುತ್ತಿದ್ದ. 2022ರಲ್ಲಿ ಅವನು ತೀರುವವರೆಗೆ ಮಾಡಿದ್ದು ಮುನ್ನೂರರ ಸುಮಾರು. ತನ್ನ ಕಸುಬಿನ ಗುಟ್ಟು ಯಾರಿಗೂ ತಿಳಿಯದಿರಲೆಂದು ಒಳಗಿನ ಸರ್ಕ್ಯೂಟಿನ ಮೇಲೆ ರಾಳ ಸುರಿದು ಮುಚ್ಚುತ್ತಿದ್ದ. ನಮ್ಮಲ್ಲಿ ಆ ಪಾತ್ರ ವಹಿಸಿದ್ದು ಅಹುಜಾ ಕಂಪನಿಯ ಪೆಟ್ಟಿಗೆ, ಗುಡಿಯ ಶಿಖರಕ್ಕೋ ಬೇವಿನ ಮರಕ್ಕೋ ಕಟ್ಟಿದ ಭೋಂಗಾ ಸ್ಪೀಕರು. ಮೈಕ್ ಬರುವ ಮೊದಲು ಕಂಪನಿಯ ಗಂಡು ನಟರು ಬಿಳಿ ನಾಲ್ಕು, ಅದಕ್ಕೂ ಮೇಲಿನ ಪಟ್ಟಿಯಲ್ಲಿ ಹಾಡಬೇಕಿತ್ತು. ಕೊನೆಯ ಸಾಲಿನವನಿಗೆ, ತಂಬುವಿನ ಹೊರಗೆ ನಿಂತವನಿಗೂ ಕೇಳಬೇಕಲ್ಲ. ಮೈಕ್ ಬಂದ ಮೇಲೆ ಅದೇ ಪದಗಳು ಕರಿ ಒಂದು, ಕರಿ ಎರಡಕ್ಕೆ ಇಳಿದವು. ಕಂದಗಲ್ ಹನುಮಂತರಾಯರ 'ರಕ್ತರಾತ್ರಿ' ನಾಟಕವನ್ನು ಈಗಲೂ ಹಳ್ಳಿಯ ಹುಡುಗರು ಜಾತ್ರೆಯಲ್ಲಿ ಆಡುತ್ತಾರೆ. ವಿಜಯಪುರದ ರಂಗಮಂದಿರಕ್ಕೆ ಅವರದೇ ಹೆಸರು. ಆದರೆ ಆ ಕಾಲದ ಪಟ್ಟಿಯಲ್ಲಿ ಹಾಡುವ ಕೊರಳು ಈಗ ಸಿಗುವುದು ಅಪರೂಪ. ಹಳೇ ಪೇಟಿಗಳ ಮೇಲಿನ ಸಪ್ತಕದ ಮನೆಗಳೇ ಹೆಚ್ಚು ಸವೆದಿರುತ್ತವೆ. ಯಾವ ಪಟ್ಟಿಯಲ್ಲಿ ಹಾಡಿದರು ಎಂಬುದಕ್ಕೆ ಅದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ.

ಭೋಂಗಾದ ಬಗ್ಗೆ ಒಂದು ಕಹಿ ಸತ್ಯವನ್ನೂ ಹೇಳಬೇಕು. ಅದು ನಡುಸ್ವರ, ಮೇಲ್ಸ್ವರಗಳನ್ನು ಮೈಲಿ ದೂರ ಒಯ್ಯುತ್ತದೆ, ಖರ್ಜವನ್ನು ಒಯ್ಯುವುದಿಲ್ಲ. ಮೂರು ಲೈನಿನ ಪೇಟಿಯ ನಿಜವಾದ ಸೊಗಸು ಖರ್ಜದ ರೀಡಿನಲ್ಲಿದೆ. ಭೋಂಗಾದಲ್ಲಿ ಮುಂದಾಗಿ ಕೇಳುವುದು ಕಿರಿಕಿರಿ ಮಾಡುವ ಮಾದಿ. ಹಾಗಾಗಿ ಹಳೇ ವಾಲ್ವ್ ಎಂಪ್ಲಿಫೈಯರ್ ಸಿಕ್ಕಿತೆಂದು ಅಜ್ಜನ ಪೇಟಿಯನ್ನು ಅದಕ್ಕೆ ಹಚ್ಚಿ ಮೆರೆಯುವವರ ಉಮೇದಿನಲ್ಲಿ ನನಗೆ ಪಾಲಿಲ್ಲ. ವಾಲ್ವಿನ ಗುಣ ಬೇರೆ. ದನಿ ಮಿತಿ ಮೀರಿದಾಗ ಅದು ಅಲೆಯ ತುದಿಯನ್ನು ಕಚಕ್ಕೆಂದು ಕತ್ತರಿಸುವುದಿಲ್ಲ, ಮೆಲ್ಲಗೆ ಬಗ್ಗಿಸುತ್ತದೆ. ಗಿಟಾರಿಗೆ ಆ ಒರಟು ಸಿಹಿಯೇ ಬೇಕು, ಪೇಟಿಗೆ ಬೇಡ. ಪೇಟಿಗೆ ಒಳ್ಳೆಯ ಎಂಪ್ಲಿಫೈಯರ್ ಎಂದರೆ ಕಲ್ಲಿನ ಗೋಡೆಯ, ಮಣ್ಣಿನ ಮಾಳಿಗೆಯ ಒಂದು ಪಡಸಾಲೆ.

ಆದರೂ ಆ ವಾಲ್ವ್ ಪೆಟ್ಟಿಗೆಯನ್ನು ಗುಜರಿಗೆ ಹಾಕಬೇಡಿ. 1954ರಲ್ಲಿ ಹುಟ್ಟಿದ ಬೆಂಗಳೂರಿನ ಬಿಇಎಲ್ (ಭಾರತ್ ಎಲೆಕ್ಟ್ರಾನಿಕ್ಸ್) ಒಂದು ಕಾಲಕ್ಕೆ ಇಸಿಸಿ 83, ಇಎಲ್ 84ರಂಥ ವಾಲ್ವ್‌ಗಳನ್ನು ತಯಾರಿಸುತ್ತಿತ್ತು. ರೇಡಿಯೋಗೆಂದು ಮಾಡಿದ ಅವೇ ಇವತ್ತು ಹೊರದೇಶದ ಗಿಟಾರ್ ಎಂಪ್ಲಿಫೈಯರ್‌ಗಳಿಗೂ ಹೊಂದುತ್ತವೆ. ನಿಮ್ಮ ಮೈಕ್ ಸೆಟ್ಟಿನೊಳಗೆ ಅಂಥದ್ದೊಂದು ಕೂತಿದ್ದರೆ ಬೆಂಗಳೂರಿನ ಗಿಟಾರ್ ಹುಡುಗನಿಗೆ ಅದು ಬೇಕಾದ ವಸ್ತು. ಪೇಟಿಗೆ ಹೇಳಿದ ನಿಯಮ ಇಲ್ಲಿ ತಿರುಗಮುರುಗ. ಪೇಟಿಯಲ್ಲಿ ಹಳೇ ರೀಡನ್ನು ಮುಟ್ಟಬಾರದು, ಎಂಪ್ಲಿಫೈಯರ್‌ನಲ್ಲಿ ಹಳೇ ಕಂಡೆನ್ಸರ್‌ಗಳನ್ನು ತೆಗೆಯದೆ ಸ್ವಿಚ್ ಹಾಕಲೇಬಾರದು. ವರ್ಷಗಟ್ಟಲೆ ಸುಮ್ಮನಿದ್ದಾಗ ಅವುಗಳ ಒಳಗಿನ ದ್ರಾವಣ ಒಣಗಿರುತ್ತದೆ. ಒಮ್ಮೆಲೇ ಕರೆಂಟು ಕೊಟ್ಟರೆ ಸಿಡಿಯಬಹುದು, ಟ್ರಾನ್ಸ್‌ಫಾರ್ಮರನ್ನೂ ಸುಡಬಹುದು. ಟ್ರಾನ್ಸ್‌ಫಾರ್ಮರ್ ಸುಟ್ಟ ಮೇಲೆ ಉಳಿಯುವುದು ತಗಡು. ಒಳಗೆ ಮುನ್ನೂರು, ನಾನೂರು ವೋಲ್ಟ್ ಇರುತ್ತದೆ. ಪ್ಲಗ್ ಕಿತ್ತ ಮೇಲೂ ಕಂಡೆನ್ಸರ್ ಅದನ್ನು ಹಿಡಿದಿಟ್ಟುಕೊಂಡಿರುತ್ತದೆ. ಯೂಟ್ಯೂಬ್ ನೋಡಿ ಸ್ಕ್ರೂಡ್ರೈವರ್ ಹಾಕುವ ಜಾಗ ಇದಲ್ಲ. ಹಳೇ ರೇಡಿಯೋ ಮಿಸ್ತ್ರಿ ಯಾರಾದರೂ ಇನ್ನೂ ಕೈ ಆಡಿಸುತ್ತಿದ್ದರೆ ಅವರ ಹತ್ತಿರ ಒಯ್ಯಿರಿ.

ತಿಕೋಟಾ, ಬಬಲೇಶ್ವರದವರಿಗೆ ಪ್ರತ್ಯೇಕವಾಗಿ ಹೇಳಬೇಕಾದ್ದು ಇದೆ. ನಮ್ಮ ಒಣ ಹವೆ ರೀಡಿಗೆ ಹಿತ. ಕರಾವಳಿಯ ಪೇಟಿಗಳಂತೆ ನಮ್ಮವು ಬೂಸು ಹಿಡಿಯುವುದಿಲ್ಲ. ಏಪ್ರಿಲ್, ಮೇ ತಿಂಗಳ ಉರಿಗೆ ಕಟ್ಟಿಗೆ ಮಾತ್ರ ಸಂದು ಬಿಡುತ್ತದೆ. ತಗಡಿನ ಶೆಡ್ಡಿನಲ್ಲಿ, ಮಾಳಿಗೆಯ ಕೆಳಗಿನ ಕಾದ ಅಟ್ಟದಲ್ಲಿ ಇಡಬೇಡಿ, ನಡುಮನೆಯಲ್ಲಿ ಇಡಿ. ದ್ರಾಕ್ಷಿ ತೋಟದವರು ಇನ್ನೂ ಹುಷಾರಾಗಿರಬೇಕು. ಒಣದ್ರಾಕ್ಷಿಗೆ ಬಂಗಾರದ ಬಣ್ಣ ಬರಲೆಂದು ಗಂಧಕದ ಹೊಗೆ ಕೊಡುತ್ತೀರಲ್ಲ, ಆ ಹೊಗೆ ಹಿತ್ತಾಳೆಗೆ ವೈರಿ. ತಿಕೋಟಾ ಹತ್ತಿರ ಒಣದ್ರಾಕ್ಷಿಯ ಶೆಡ್ಡಿನ ಮೂಲೆಯಲ್ಲಿ ಗೋಣಿಚೀಲ ಹೊದಿಸಿಟ್ಟ ಒಂದು ಡಬಲ್ ಲೈನ್ ಪೇಟಿಯನ್ನು ಬಿಚ್ಚಿಸಿ ನೋಡಿದ್ದೇನೆ. ಪೆಟ್ಟಿಗೆ ಹೊಸದರಂತಿತ್ತು, ಒಳಗಿನ ರೀಡುಗಳೆಲ್ಲ ಕರ್ರಗೆ. ಯಜಮಾನರು "ಇಲಿ ಬರಬಾರದಂತ ಇಲ್ಲಿಟ್ಟೀವ್ರಿ, ಗಂಧಕದ ವಾಸನಿಗೆ ಇಲಿ ಸುಳಿಯಂಗಿಲ್ಲ" ಎಂದರು. ಇಲಿಯ ಲೆಕ್ಕ ಅವರದು ಸರಿಯಿತ್ತು.

ಇನ್ನು ಎಲ್ಲರೂ ಕಾದು ಕೂತ ಪ್ರಶ್ನೆ, ಎಷ್ಟು ಬರುತ್ತದೆ? ಹೊಸ ಡಬಲ್ ಲೈನ್ ಪೇಟಿಗೇ ಈಗ ಹತ್ತಾರು ಸಾವಿರ. ಅರ ಕಾಣದ ವಿದೇಶಿ ರೀಡು ಇದ್ದು, ತಿದಿ ಸೋರದೆ, ಪಾಲಿಶ್ ಕೆರೆಸದೆ ಇದ್ದರೆ ಬಾರಿಸುವವರು ಅದಕ್ಕಿಂತ ಹೆಚ್ಚು ಕೊಟ್ಟು ಒಯ್ಯುತ್ತಾರೆ. ಕೋಟಿಯ ಮಾತು ಬಿಡಿ. ಗುಜರಿಯವನ ತೂಕದ ಲೆಕ್ಕಕ್ಕೂ, ಹಳೇ ಸಾಮಾನು ಮಾರುವ ಅಂಗಡಿಯ ಗಾಜಿನ ಕಪಾಟಿಗೂ ಕೊಡಬೇಡಿ. ಕೊಳ್ಳಲು ಬಂದವರನ್ನು ಎದುರಿಗೆ ಕೂಡಿಸಿ ಬಾರಿಸಲು ಹೇಳಿ. ಮನೆ ಮುಟ್ಟುವ ಮೊದಲು ತಿದಿಯನ್ನು ಹಗುರಾಗಿ ಒತ್ತಿ ನೋಡುವವರಾದರೆ ಮಾತುಕತೆ ಮುಂದುವರಿಸಿ. ಬಿಲ್ಲೆಯ ಫೋಟೋ ತೆಗೆದುಕೊಂಡು "ಟ್ಯೂನಿಂಗ್ ನಾವ ಮಾಡಿಸ್ಕೋತೀವಿ" ಎನ್ನುವವರಾದರೆ ಚಹಾ ಕೊಟ್ಟು ಕಳಿಸಿ. ರಿಪೇರಿಗೆ ಕೊಡಲೇಬೇಕಾದ ಪ್ರಸಂಗ ಬಂದರೆ ತೆಗೆದ ಹಳೇ ಚರ್ಮ, ಸ್ಪ್ರಿಂಗು, ಮುರಿದ ರೀಡು ಎಲ್ಲವನ್ನೂ ವಾಪಸು ಕೇಳಿ ಇಸಿದುಕೊಳ್ಳಿ. ಒಂದು ಪುಡಿಕೆಯಲ್ಲಿ ಕಟ್ಟಿ ಪೇಟಿಯೊಳಗೇ ಇಡಿ, ಮೇಲೆ ತಾರೀಖು ಬರೆಯಿರಿ. ಮುಂದೆ ಬಿಚ್ಚುವ ಮಿಸ್ತ್ರಿಗೆ ಹಿಂದಿನವನು ಏನು ಮಾಡಿದ್ದ ಎಂದು ತಿಳಿಯಲು ಬೇರೆ ದಾರಿಯೇ ಇರುವುದಿಲ್ಲ.